ಜೇಬಿನಲ್ಲೇ ಉಳಿದ ಚೀಟಿ

ಪ್ರೀತಿಯ ದೊರೆ,

ನೀನು ಕೇಳಿದ್ದು ಅಟ್ಟಣೆಯ ಫೋಟೋ. ಅದು ಕಳಿಸಿಯಾಯಿತು. ಜೊತೆಗೆ ಸುಮ್ನೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ನೀನು ಉತ್ತರ ಕೊಡುವವನಲ್ಲ. ಹತ್ತು ಜನ ನೋಡುತ್ತಿದ್ದಾರೆ ಅಂದರೆ ಅದೇ ರಾತ್ರಿ ಕೊಡುತ್ತೀಯ. ಕಿತ್ತಳೆ ಟೋಪಿಯ ವಿಷಯ ಎತ್ತುವುದಿಲ್ಲ. ಮಾತು ಅಂದರೆ ಮಾತು.

ಅಂತೂ ನಿಂತಿತು ಮಾರಾಯ. ನಾಲ್ಕು ಕಂಬ, 15 ಅಡಿ ಮೇಲೆ ನೆಲ, ಅದರ ಮೇಲೆ ಡಬ್ಬಿಯಂಥ ಒಂದು ಗೂಡು. ಥೇಟ್ ಬೇಟೆಗಾರರು ಕೂರುವಂಥದ್ದೇ. ಅವರು ಬಂದೂಕು ಹಿಡಿದು ಕೂರುತ್ತಾರೆ, ನಾನು ಕ್ಯಾಮೆರಾ ಹಿಡಿದು ಕೂರುತ್ತೇನೆ. ಅಷ್ಟು ಬಿಟ್ಟರೆ ಲೆಕ್ಕವೆಲ್ಲ ಅವರದ್ದೇ. ವಾಸನೆ ಹಿಡಿದು ಓಡುವ ಪ್ರಾಣಿಗೆ ಮೇಲೆ ಕೂತವನ ಕೈಯಲ್ಲಿ ಏನಿದೆ ಅನ್ನೋದು ಮುಖ್ಯ ಅಲ್ಲ.

ನೀನು ಹೇಳಿದ ಹಾಗೆ ಮೊದಲ ಮೂರು ಸಂಜೆ ಏನೂ ಕಟ್ಟಲಿಲ್ಲ. ನೆಲದ ಮೇಲೆ ಕೂತು ಚಿಟಿಕೆ ಪೌಡರ್ ಹಾರಿಸಿ ಗಾಳಿ ನೋಡಿದೆ. ಪ್ರಾಣಿಗಳ ಜಾಡಿನ ಕಡೆಯಿಂದ ನನ್ನ ಕಡೆಗೆ ಗಾಳಿ ಬೀಸಬೇಕು. ನಾನು ನಡೆದು ಬರುವ ದಾರಿಯೂ ಆ ಜಾಡನ್ನು ದಾಟಬಾರದು. ಇನ್ನು ಬಿಸಿಲು. ಬೆಳಗ್ಗೆಯೂ ಸಂಜೆಯೂ ಬೆನ್ನಿಗೇ ಬಾ ಅಂದರೆ ಸೂರ್ಯ ಕೇಳಲ್ಲ. ನಾನು ಸಂಜೆಯನ್ನು ಆರಿಸಿಕೊಂಡೆ. ಬೆಳಗ್ಗೆ ಏಳುವ ಜಾತಿ ನಾನಲ್ಲ, ನಿನಗೆ ಗೊತ್ತು. ಸಂಜೆ ಅಂದರೆ ಕತ್ತಲಲ್ಲಿ ಇಳಿಯಬೇಕು ಅನ್ನೋದು ಮಾತ್ರ ಆವತ್ತು ತಲೆಗೆ ಹೊಳೆಯಲಿಲ್ಲ.

ಕಟ್ಟುವ ಕೆಲಸದಲ್ಲಿ ನನ್ನನ್ನು ಬೈಯುವ ಹಾಗಿಲ್ಲ. ಕಂಬಗಳನ್ನು ಮಣ್ಣಲ್ಲಿ ಹೂತಿಲ್ಲ, ಕಾಂಕ್ರೀಟ್ ಬುಡದ ಮೇಲೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದೇನೆ. ಹೂತ ಮರ ಮೊದಲು ಕೊಳೆಯುವುದು ಆಳದಲ್ಲಲ್ಲ, ಮಣ್ಣಿನ ಮಟ್ಟದಲ್ಲಿ. ನೀರೂ ಗಾಳಿಯೂ ಒಟ್ಟಿಗೆ ಸಿಗುವ ಜಾಗ ಅದು. ಹೊರಗಿಂದ ಕಂಬ ಗಟ್ಟಿಮುಟ್ಟಾಗಿ ಕಾಣುತ್ತದೆ, ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತದೆ. ನಾಲ್ಕೂ ಬದಿಗೆ ಅಡ್ಡಪಟ್ಟಿ ಬಡಿದೆ, ರಸಮಟ್ಟ ಇಟ್ಟು ನೋಡಿದೆ, ನಾಲ್ಕು ಮೂಲೆಯಿಂದ ತಂತಿ ಎಳೆದು ನೆಲಕ್ಕೆ ಗೂಟ ಹೊಡೆದೆ. ಗೋಡೆ ಇರುವ ಗೂಡು ಅಂದರೆ ಗಾಳಿಯ ಪಾಲಿಗೆ ಹಡಗಿನ ಹಾಯಿ ಇದ್ದ ಹಾಗೆ. ಕೂತವನ ಭಾರಕ್ಕೆ ಜಗ್ಗದ ಗೂಡನ್ನು ಖಾಲಿ ಇರುವಾಗ ಬಿರುಗಾಳಿ ಮಗುಚಿ ಹಾಕಬಹುದು. ಒಳಗೆಲ್ಲ ಕಪ್ಪು ಬಣ್ಣ, ಕೆಳಗೆ ಹಳೇ ಕಾರ್ಪೆಟ್ಟು. ಕುರ್ಚಿ ಕಿರುಗುಟ್ಟುತ್ತದೆ. ಅದಕ್ಕೆ ನಿನ್ನ ಹೆಸರೇ ಇಟ್ಟಿದ್ದೇನೆ.

ಏಣಿಗಂತೂ ಎರಡು ದಿನ ಹಿಡಿಯಿತು. 4 ಅಡಿ ಮೇಲಕ್ಕೆ ಹೋದರೆ ಬುಡ 1 ಅಡಿ ಹೊರಗಿರಬೇಕು, ಆ ಲೆಕ್ಕದಲ್ಲೇ ಓರೆ ಮಾಡಿದೆ. ಏಣಿಯ ಎರಡೂ ಕಂಬಗಳು ಅಟ್ಟಣೆಯ ನೆಲಕ್ಕಿಂತ 3 ಅಡಿ ಮೇಲಕ್ಕೆ ಚಾಚಿವೆ. ಏಣಿಯಿಂದ ಒಳಕ್ಕೆ, ಒಳಗಿಂದ ಏಣಿಗೆ ಕಾಲು ದಾಟಿಸುವ ಆ ಒಂದು ಹೆಜ್ಜೆ ಇದೆಯಲ್ಲ, ಅಲ್ಲಿ ಕೈಗೆ ಏನಾದರೂ ಸಿಗಬೇಕು. ಮೇಲೆ ಕೂತು ತೂಕಡಿಸಿ ಬೀಳುವವರೂ ಇದ್ದಾರೆ. ಆದರೆ ಹತ್ತುವಾಗ, ಇಳಿಯುವಾಗ, ದಾಟುವಾಗ ಬೀಳುವವರೇ ಜಾಸ್ತಿ. ಎರಡು ಕೈ ಎರಡು ಕಾಲು, ನಾಲ್ಕರಲ್ಲಿ ಮೂರು ಯಾವಾಗಲೂ ಏಣಿಯ ಮೇಲಿರಬೇಕು. ಹಾಗಿರಬೇಕಾದರೆ ಕೈಯಲ್ಲಿ ಸಾಮಾನು ಇರಬಾರದು. ಸಾಮಾನೆಲ್ಲ ಹಗ್ಗಕ್ಕೆ ಕಟ್ಟಿ, ಖಾಲಿ ಕೈಯಲ್ಲಿ ಹತ್ತಿ, ಆಮೇಲೆ ಎಳೆದುಕೊಳ್ಳಬೇಕು. ಬಂದೂಕಿನವರಾದರೆ ಗುಂಡು ತೆಗೆದೇ ಕಟ್ಟಬೇಕು, ನಳಿಗೆ ತಮ್ಮ ಕಡೆ ತಿರುಗದ ಹಾಗೆ.

ಈಗ ಗಂಟಿನ ವಿಷಯ. ಇದನ್ನು ನಿನಗೆ ಹೇಳಲೇಬೇಕು. ಅಟ್ಟಣೆಯ ಮೇಲಿನ ಗಟ್ಟಿ ತೊಲೆಯಿಂದ ನೆಲದವರೆಗೆ ಏಣಿಯ ಪಕ್ಕದಲ್ಲಿ ಒಂದು ದಪ್ಪ ಹಗ್ಗ ಇಳಿಬಿಟ್ಟಿದ್ದೇನೆ. ಅದಕ್ಕೆ ಸಣ್ಣ ಹಗ್ಗದ ಕುಣಿಕೆಯೊಂದನ್ನು ಮೂರು ಸುತ್ತು ಸುತ್ತಿ, ಅದರೊಳಗಿಂದಲೇ ಎಳೆದು, ಸುತ್ತುಗಳು ಒಂದರ ಮೇಲೊಂದು ಏರದ ಹಾಗೆ ಬೆರಳಲ್ಲಿ ಜೋಡಿಸಬೇಕು. ಸಡಿಲ ಇದ್ದಾಗ ಮೇಲೆ ಕೆಳಗೆ ಸಲೀಸಾಗಿ ಜಾರುತ್ತದೆ. ಭಾರ ಬಿತ್ತೋ, ದಪ್ಪ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಕಾರ್ಲ್ ಪ್ರೂಸಿಕ್ ಅನ್ನುವ ಆಸ್ಟ್ರಿಯಾದ ಪರ್ವತಾರೋಹಿ 1931ರಲ್ಲಿ ಪ್ರಕಟಿಸಿದ ಗಂಟು ಇದು. ಬುಗುರಿಗೆ ದಾರ ಸುತ್ತುವಷ್ಟೇ ಸುಲಭ. ನಾನು ಮನೆಯ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಇಡೀ ಭಾನುವಾರ ಅಭ್ಯಾಸ ಮಾಡಿದೆ. ಕಿಟಕಿಗೆ ಯಾಕೆ ಹಗ್ಗ ಅಂತ ನನ್ನವಳು ಕೇಳಿದಳು. ಸುಮ್ನೆ ಅಂದೆ.

ಆ ಗಂಟಿಗೆ ಕೊಕ್ಕೆ, ಕೊಕ್ಕೆಗೆ ನನ್ನ ಹಾರ್ನೆಸ್ಸು. ಸೊಂಟದ ಬೆಲ್ಟ್ ಅಲ್ಲ, ಭುಜ, ಎದೆ, ತೊಡೆ ಎಲ್ಲವನ್ನೂ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್ಸು. ಸೊಂಟದ ಬೆಲ್ಟಲ್ಲಿ ನೇತಾಡಿದರೆ ಹೊಟ್ಟೆ ಒತ್ತಿ ಉಸಿರು ಕಟ್ಟುತ್ತದೆ. ಪೂರ್ತಿ ಹಾರ್ನೆಸ್ಸಲ್ಲೂ ಅಲ್ಲಾಡದೆ ನೇತಾಡುತ್ತಾ ಇದ್ದರೆ ಕಾಲಲ್ಲೇ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ಅದಕ್ಕೇ ಕಾಲು ಊರಿ ನಿಲ್ಲಲು ಒಂದು ಪಟ್ಟಿಯ ಕುಣಿಕೆ ಕೈಗೆ ಸಿಗುವ ಹಾಗಿರಬೇಕು. ನನ್ನ ಹತ್ತಿರ ಇದೆ. ಎಲ್ಲವೂ ಇದೆ. ಹಾರ್ನೆಸ್ ಹಾಕಿಕೊಂಡು ಏಣಿಯ ಮೇಲೆ ನಿಂತ ನನ್ನ ಫೋಟೋವನ್ನು ಇಲ್ಲೇ ಹಾಕಿದ್ದೆನಲ್ಲ, "ಸುರಕ್ಷತೆ ಅಂದ್ರೆ ಇದು ಸಾರ್" ಅಂತ ಜನ ಬರೆದಿದ್ದರು. ನೀನು ಮಾತ್ರ "ಹೊಟ್ಟೆ ಒಳಗೆ ಎಳ್ಕೊಂಡಿದ್ದೀಯ" ಅಂತ ಬರೆದೆ.

ಮೊನ್ನೆ ಸಂಜೆ ಒಂದು ಗೂಬೆ ಬಂತು ದೊರೆ. ಬೆಳಕು ಮುಕ್ಕಾಲು ಪಾಲು ಹೋಗಿತ್ತು. ಸದ್ದೇ ಇಲ್ಲದೆ ಬಂದು ಏಣಿಯ ಚಾಚಿದ ತುದಿಯ ಮೇಲೆ ಕೂತಿತು. ನನ್ನ ಮುಖದಿಂದ ಮೂರಡಿ ದೂರ. ಕ್ಯಾಮೆರಾ ಎತ್ತಿದೆ, ದೂರದ್ದನ್ನು ಹತ್ತಿರ ತೋರಿಸುವ ಆ ಉದ್ದ ಲೆನ್ಸಿಗೆ ಇಷ್ಟು ಹತ್ತಿರದ್ದು ಕಾಣಿಸುವುದೇ ಇಲ್ಲ. ಮಸುಕು ಮಸುಕು. ಕೈಬಿಟ್ಟು ಸುಮ್ನೆ ನೋಡುತ್ತಾ ಕೂತೆ. ಅದೂ ನೋಡಿತು. ಎದೆಯ ಪುಕ್ಕ ಗಾಳಿಗೆ ಒಂದೊಂದೇ ಏಳುತ್ತಿತ್ತು. ಆಮೇಲೆ ನಿಧಾನಕ್ಕೆ ತಿರುಗಿ, ನಾನು ದಿನಾ ಕೈಯಿಡುವ ಜಾಗದ ಮೇಲೇ ಬಿಳಿಯದಾಗಿ ಹೇತು ಹಾರಿ ಹೋಯಿತು.

ಈಗ ಕಥೆ ಹೀಗೆ ಹೋಗಬೇಕಿತ್ತು: ನಾನು ಕತ್ತಲಲ್ಲಿ ಇಳಿಯಲು ಹೊರಟೆ, ಗೂಬೆಯ ಪ್ರಸಾದದ ಮೇಲೆ ಕೈ ಬಿತ್ತು, ಜಾರಿತು, ಬದುಕಿಕೊಂಡೆ, ನೀವೆಲ್ಲ ನಕ್ಕಿರಿ. ಮನೆಗೆ ಬರುವ ದಾರಿಯುದ್ದಕ್ಕೂ ಇದನ್ನೇ ಹೊಂದಿಸಿಕೊಂಡು ಬಂದೆ. ಚೆನ್ನಾಗಿದೆ ಅಲ್ವಾ? ಆದರೆ ಕೈ ಜಾರಲಿಲ್ಲ. ಗೂಬೆಯದ್ದು ಅಂಗಿಯ ತೋಳಿಗೆ ಮೆತ್ತಿಕೊಂಡಿತು, ಅಷ್ಟೇ.

ಆಗಿದ್ದು ಬೇರೆ. ಒಂದು ಕಾಲು ಏಣಿಯ ಮೇಲಿಟ್ಟಿದ್ದೆ. ಮುಂದಿನ ಮೆಟ್ಟಿಲು ಎಲ್ಲಿದೆ ಅಂತ ಕೆಳಗೆ ನೋಡಿದೆ. ನೆಲ ಎಡಗಡೆಗೆ ಸರಿಯಿತು. ಸರಿದು ಮತ್ತೆ ವಾಪಸ್ ಬಂತು, ಮತ್ತೆ ಸರಿಯಿತು. ಇನ್ನೊಂದು ಕಾಲು ಗಾಳಿಯಲ್ಲಿತ್ತು. ಎರಡೂ ತೋಳುಗಳಿಂದ ಏಣಿಯನ್ನು ತಬ್ಬಿಕೊಂಡೆ, ಗಲ್ಲ ಮೆಟ್ಟಿಲಿಗೆ ಬಡಿಯಿತು. ಕ್ಯಾಮೆರಾ ಕತ್ತಿನಲ್ಲಿ ತೂಗುತ್ತಿತ್ತು. ಹಗ್ಗ ಕಟ್ಟಿ ಇಳಿಸಲು ಬೇಜಾರು. ತಲೆಯ ಟಾರ್ಚು ಹಾಕಿರಲಿಲ್ಲ. ಹಾರ್ನೆಸ್ಸು ಮೈಮೇಲಿತ್ತು. ಕೊಕ್ಕೆ ಮಾತ್ರ ಯಾವುದಕ್ಕೂ ಸಿಗಿಸಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಆ ಗಂಟನ್ನು ಸರಿಸಿಕೊಂಡು ಇಳಿಯಬೇಕು, ಯಾರು ನೋಡ್ತಾರೆ ಅಂತ. ಆ ಮಾತು ನಿಜವಾಗಿಯೂ ಮನಸ್ಸಿಗೆ ಬಂದಿತ್ತು ದೊರೆ. ಯಾರು ನೋಡ್ತಾರೆ. ಫೋಟೋ ತೆಗೆದ ದಿನ ಬಿಟ್ಟರೆ ಇಳಿಯುವಾಗ ಒಂದು ಸಲವೂ ಸಿಗಿಸಿಲ್ಲ.

15 ಅಡಿಯಿಂದ ಬಿದ್ದರೆ ನೆಲ ಸೇರಲು ಒಂದು ಸೆಕೆಂಡು ಕೂಡ ಬೇಡ. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್. ಈ ಲೆಕ್ಕವನ್ನು ಆಮೇಲೆ ಮಾಡಿದೆ. ಏಣಿ ತಬ್ಬಿಕೊಂಡಿದ್ದಾಗ ತಲೆಯಲ್ಲಿ ಲೆಕ್ಕ ಇರಲಿಲ್ಲ. ಒಂದು ಸದ್ದು ಮಾತ್ರ ಕೇಳಿಸಿತು. ಎದೆ ಏಣಿಗೆ ಒತ್ತಿಕೊಂಡಾಗ ಜೇಬಿನೊಳಗೆ ಕಾಗದ ಸರಕ್ ಅಂತು.

ಚೀಟಿ. ನೀನು ಹೇಳಿಕೊಟ್ಟ ಚೀಟಿ. ಎಲ್ಲಿರುತ್ತೇನೆ, ಯಾವ ದಾರಿಯಲ್ಲಿ ಹೋಗುತ್ತೇನೆ, ಎಷ್ಟು ಗಂಟೆಯೊಳಗೆ ಬರದಿದ್ದರೆ ಹುಡುಕಬೇಕು, ಎಲ್ಲ ಬರೆದು ಮನೆಯಲ್ಲಿ ಕೊಟ್ಟು ಹೋಗು ಅಂದಿದ್ದೆಯಲ್ಲ. ಪ್ರತಿ ಸಲವೂ ಬರೆಯುತ್ತೇನೆ. ಅಚ್ಚುಕಟ್ಟಾಗಿ, ಟೈಮು ಹಾಕಿ. ಜೇಬಿಗೆ ಹಾಕಿಕೊಂಡು ಹೋಗುತ್ತೇನೆ.

ಕೊಡಲು ಆಗುವುದಿಲ್ಲ. ಯಾಕಂದರೆ ನಾನು ಅಟ್ಟಣೆ ಹತ್ತುತ್ತೇನೆ ಅಂತ ಅವಳಿಗೆ ಗೊತ್ತಿಲ್ಲ. ಕಟ್ಟಿದ್ದು ಗೊತ್ತು, ಹುಡುಗರು ಹತ್ತಿ ಕೂರ್ತಾರೆ, ನಾನು ಕೆಳಗೆ ಬಟ್ಟೆಯ ಮರೆಯಲ್ಲಿ ಕೂರ್ತೇನೆ ಅಂದಿದ್ದೇನೆ. ಆ ಫೋಟೋ ನೋಡಿ ಕೇಳಿದಳು. ಒಂದೇ ದಿನ, ಫೋಟೋಗಷ್ಟೇ ಅಂದೆ. ನೆಲ ಹೀಗೆ ಸರಿದದ್ದು ಇದೇ ಮೊದಲಲ್ಲ. ಮೂರನೇ ಸಲ. ಒಂದು ಸಲ ಬಚ್ಚಲಲ್ಲಿ, ಅವಳು ನೋಡಿದಳು, ನೀರು ಬಿದ್ದಿತ್ತು ಜಾರಿದೆ ಅಂದೆ. ಇನ್ನೊಂದು ಸಲ ಮಹಡಿ ಮೆಟ್ಟಿಲ ಮೇಲೆ, ಯಾರೂ ಇರಲಿಲ್ಲ. ಡಾಕ್ಟರ್ ಹತ್ತಿರ ಹೋಗಿಲ್ಲ. ಹೋದರೆ ಮೊದಲು ಏಣಿ ಹತ್ತಬೇಡಿ ಅನ್ನುತ್ತಾರೆ. ಆಮೇಲೆ ಸ್ಕೂಟರ್ ಬೇಡ ಅನ್ನುತ್ತಾರೆ. ಆಮೇಲೆ ಒಬ್ಬರೇ ಎಲ್ಲೂ ಹೋಗಬೇಡಿ ಅನ್ನುತ್ತಾರೆ. ಅಪ್ಪನಿಗೆ ಇದೇ ಕ್ರಮದಲ್ಲಿ ಹೇಳಿದ್ದರು. ಅಪ್ಪ ಕೊನೆಗೆ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು. ಆ ಕುರ್ಚಿಯೂ ಕಿರುಗುಟ್ಟುತ್ತಿತ್ತು.

ಅಯ್ಯೋ, ಎಲ್ಲಿಂದ ಎಲ್ಲಿಗೆ ಹೋದೆ ನೋಡು. ಅಟ್ಟಣೆಯ ಬಗ್ಗೆ ಬರೆಯಲು ಕೂತವನು ನಾನು. ಇದನ್ನೆಲ್ಲ ಅಳಿಸಬಹುದಿತ್ತು. ಅಳಿಸಿದರೆ ಗೂಬೆಯ ಭಾಗ ಅರ್ಥವೇ ಆಗುವುದಿಲ್ಲ, ಅದು ಚೆನ್ನಾಗಿ ಬಂದಿದೆ. ಹಾಗಾಗಿ ಇರಲಿ.

ಉಳಿದ ಸುದ್ದಿ: ಮುಂದಿನ ಸಲ ನೀನು ಬಂದಾಗ ಗೂಡಿನ ಬಾಗಿಲನ್ನು ಒಂದೇ ಸಲ ಪೂರ್ತಿ ತೆಗೆಯಬೇಡ. ಮೂಲೆಯಲ್ಲಿ ಕಣಜ ಗೂಡು ಹಾಕಲು ಶುರು ಮಾಡಿದೆ. ಏಣಿಯ ತುದಿಯಲ್ಲಿ ನಿಂತು ಕಣಜದ ಜೊತೆ ಜಗಳ ಮಾಡುವುದು ನಿನ್ನ ಮೈಕಟ್ಟಿಗೆ ಒಳ್ಳೆಯದಲ್ಲ. ಗೂಡಿನ ಹಿಂದಿನ ಮರಕ್ಕೆ ಬಿಗಿದ ಪಟ್ಟಿಯನ್ನು ಬದಲಾಯಿಸಬೇಕು. ಬಿಸಿಲಿಗೆ ಬಣ್ಣ ಹೋಗಿದೆ, ಮರವೂ ದಪ್ಪಗಾಗಿ ಹೊಲಿಗೆ ಎಳೆಯುತ್ತಿದೆ. ನಿನ್ನ ಕಡೆ ಹೊಸದಿದ್ದರೆ ತಾ. ಡಾಕ್ಟರ್ ಹತ್ತಿರ ಹೋಗುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಹೋಗಬೇಕಾಗುತ್ತದೆ, ಸಾಕ್ಷಿಗಳು ಜಾಸ್ತಿ ಇದ್ದಾರೆ.

ಗಲ್ಲದ ನೀಲಿ ಗುರುತಿಗೆ ಶೇವಿಂಗ್ ಕಾರಣ ಅಂದೆ. ನಂಬಿದ ಹಾಗೆ ಕಂಡಳು. ಗೂಬೆ ಮೆತ್ತಿದ ಅಂಗಿಯನ್ನು ಬೆಳಗ್ಗೆ ನಾನೇ ಒಗೆಯುವ ಬಟ್ಟೆಯ ರಾಶಿಗೆ ಹಾಕಿದೆ. ಒಗೆಯುವ ಮೊದಲು ಜೇಬು ನೋಡುವ ಅಭ್ಯಾಸ ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ಇದೆ, ಅದು ನಾನಲ್ಲ.

ಮೆಷಿನ್ ಇನ್ನೂ ಶುರುವಾಗಿಲ್ಲ. ನಿಲ್ಲಿಸುತ್ತೇನೆ ದೊರೆ, ಒಳಗಿಂದ ನನ್ನ ಹೆಸರು ಕೇಳಿಸುತ್ತಿದೆ. ಪೂರ್ತಿ ಹೆಸರು.

ನಿನ್ನ,
ಗೂಬೆ