90 ಇದ್ದರೆ ಸಾಕು ಮಗಳೇ

ಪುಟ್ಟಿ,

ನಿನ್ನೆ ಫೋನ್ ಕಟ್ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಐಸಿಯು ಬಾಗಿಲಲ್ಲಿ ನಿಂತು ಜಗಳ ಆಡುವುದು ನನ್ನ ಕೈಲಿ ಆಗಲಿಲ್ಲ. ಆದರೆ "ಸ್ಯಾಚುರೇಷನ್ ಬರೀ 90 ಇದೆ, ಆಕ್ಸಿಜನ್ ಯಾಕೆ ಜಾಸ್ತಿ ಮಾಡ್ತಿಲ್ಲ? ನೀನೂ ನರ್ಸ್ ಆಗಿದ್ದವಳು, ಕೇಳಬಾರದಾ?" ಅಂದೆಯಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ರೈಲಲ್ಲಿ ಕೂತು ಇದನ್ನು ಓದು.

ಅಪ್ಪನದು ಸಿಓಪಿಡಿ, ಅಂದರೆ ಉಸಿರಿನ ನಾಳಗಳು ಕಿರಿದಾಗಿ ಗಾಳಿ ಸರಿಯಾಗಿ ಆಡದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಸ್ಯಾಚುರೇಷನ್ ಅಂದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ತುಂಬಿದೆ ಅನ್ನುವ ಲೆಕ್ಕ; ಇಂಥವರಿಗೆ ಡಾಕ್ಟರು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅವರಿಗೆ ಹಾಕಿರುವುದು ವೆಂಚುರಿ ಮಾಸ್ಕ್. ಅದರ ಬುಡದಲ್ಲಿರುವ ಬಿಳಿ ತುಂಡಿಗೆ ನಿಮಿಷಕ್ಕೆ 4 ಲೀಟರ್ ಬಿಟ್ಟರೆ 28 ಪರ್ಸೆಂಟ್ ಆಕ್ಸಿಜನ್ ಸಿಗುತ್ತದೆ. ಮೂಗಿನ ನಳಿಕೆಯಲ್ಲಿ ಇಷ್ಟು ಲೆಕ್ಕ ಸಿಗುವುದಿಲ್ಲ, ಉಸಿರಿನ ವೇಗಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಪಕ್ಕದ ಬೆಡ್‌ನವರಿಗೆ ಚೀಲದ ಮಾಸ್ಕ್ ಹಾಕಿ 15 ಲೀಟರ್ ಬಿಟ್ಟಿದ್ದಾರೆ. ಅವರ ಕಾಯಿಲೆ ಬೇರೆ, ಹೋಲಿಸಬೇಡ.

ನನ್ನ ನೈಟ್ ಡ್ಯೂಟಿಯಲ್ಲಿ ಒಬ್ಬರು ಅಜ್ಜ ಇದ್ದರು. ಇದೇ ಕಾಯಿಲೆ, ಸಾದಾ ಮಾಸ್ಕ್. ಅಪ್ಪ ಏದುಸಿರು ಬಿಡುವುದು ನೋಡಲಾಗದೆ ಮಗ ಆಕ್ಸಿಜನ್ ಹೆಚ್ಚುಕಡಿಮೆ ಮಾಡುವ ಫ್ಲೋಮೀಟರನ್ನು ಪೂರ್ತಿ ತಿರುಗಿಸಿಬಿಟ್ಟಿದ್ದ. ಸ್ಯಾಚುರೇಷನ್ 99. ಮುಖಕ್ಕೆ ಕೆಂಪು ಬಂತು. "ಈಗ ಚೆನ್ನಾಗಿ ನಿದ್ದೆ ಬಂದಿದೆ ಸಿಸ್ಟರ್" ಅಂದ. ನಾನು ಕೂಗಿದೆ, ಅಜ್ಜ ಏಳಲಿಲ್ಲ. ಚಿವುಟಿದೆ, ಸುಮ್ನೆ ಮುಲುಗಿದರು. ಇಂಥ ಶ್ವಾಸಕೋಶಕ್ಕೆ ಆಕ್ಸಿಜನ್ ಜಾಸ್ತಿಯಾದರೆ ಗಾಳಿಯಾಡದ ಭಾಗಕ್ಕೂ ರಕ್ತ ಹರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ, ಮಂಪರು ಕವಿಯುತ್ತದೆ. ಆ ಹುಡುಗ ಕೆಟ್ಟವನಲ್ಲ ಪುಟ್ಟಿ. ಅಪ್ಪನ ಕಾಲು ಒತ್ತುತ್ತಾ ರಾತ್ರಿಯಿಡೀ ಕೂತಿದ್ದವನು. ನಿನ್ನೆ ನಿನ್ನ ದನಿಯಲ್ಲಿ ನನಗೆ ಅವನೇ ಕೇಳಿಸಿದ. ಅದಕ್ಕೇ ಫೋನ್ ಇಟ್ಟೆ.

ರಾತ್ರೋರಾತ್ರಿ ರಜೆ ಹಾಕಿ ಹೊರಟೆಯಲ್ಲ, ಹೆಮ್ಮೆ ನನಗೆ. ಆದರೆ ಬಂದು ಯಾವ ಗುಂಡಿಯನ್ನೂ ಮುಟ್ಟಬೇಡ, ಮಾಸ್ಕ್ ಬದಲಿಸಿ ಅಂತ ಯಾರ ಬೆನ್ನೂ ಬೀಳಬೇಡ. ಅಪ್ಪನನ್ನು ಮಾತಾಡಿಸು. ಮಾತು ತೊದಲಿದರೆ, ಹಗಲಲ್ಲೂ ತೂಕಡಿಸಿದರೆ, ಮಾನಿಟರ್ ಏನೇ ತೋರಿಸಲಿ, ಸಿಸ್ಟರನ್ನು ಕರೆ. ಕಾರ್ಬನ್ ಡೈಆಕ್ಸೈಡ್ ಏರಿದ್ದು ಆ ಬೆರಳಿನ ಕ್ಲಿಪ್‌ಗೆ ತಿಳಿಯುವುದಿಲ್ಲ, ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆ, ಮಾಡಬೇಕು. ಅದು ಏರಿದ್ದರೆ ಬೈಪ್ಯಾಪ್, ಅಂದರೆ ಒತ್ತಡದಿಂದ ಗಾಳಿ ತಳ್ಳಿ ಉಸಿರಾಟಕ್ಕೆ ನೆರವಾಗುವ ಯಂತ್ರ, ಹಾಕುತ್ತಾರೆ. ಬಿಗಿ ಮಾಸ್ಕ್, ಅಪ್ಪ ಕಿತ್ತುಹಾಕಲು ನೋಡುತ್ತಾರೆ. ಕೈ ಹಿಡಿದುಕೋ. ಬೀಡಿ ವಿಷಯ ಮಾತ್ರ ಎತ್ತಬೇಡ, ದಮ್ಮಯ್ಯ.

ಮೊದಲು ಮನೆಗೆ ಹೋಗು, ಊಟ ಮಾಡು. ಅಪ್ಪನ ಇನ್‌ಹೇಲರ್, ಹೋದ ಸಲದ ಎಬಿಜಿ ರಿಪೋರ್ಟು ಬೀರುವಿನಲ್ಲಿವೆ. ಹೋಲಿಸಿ ನೋಡಲು ಡಾಕ್ಟರು ಕೇಳಿದ್ದಾರೆ, ಮರೆಯದೆ ತಾ.

ಅಮ್ಮ