ಆರಾಮದ ವಿಹಾರ ಅಂತ ಬರೆಯಬೇಡಿ

ಮಾನ್ಯ ಸಂಪಾದಕರೇ,

ಪ್ರವಾಸದ ಪುಟಗಳಲ್ಲಿ ಇಂಗ್ಲೆಂಡಿನ ನಾಲೆ ದೋಣಿಯ ಫೋಟೊ ಬಂದರೆ ಕೆಳಗೆ ‘ಆರಾಮದ ವಿಹಾರ’ ಅಂತ ಇದ್ದೇ ಇರುತ್ತದೆ. ಅದನ್ನು ನಂಬಿಕೊಂಡು, ಬರ್ಮಿಂಗ್‌ಹ್ಯಾಮಿನ ಮಗನ ಮನೆಗೆ ಹೋಗಿದ್ದಾಗ ನಾವು ನಾಲ್ಕು ಜನ ಮೂರು ದಿನಕ್ಕೆ ಒಂದು ದೋಣಿ ಬಾಡಿಗೆಗೆ ಹಿಡಿದೆವು. ಇಳಿಯುವಾಗ ನಾನು ಸೊಂಟ ಹಿಡಿದುಕೊಂಡಿದ್ದೆ. ಮತ್ತೆ ಕರೆದರೆ ನಾಳೆಯೇ ಹೊರಡುತ್ತೇನೆ, ಅದು ಬೇರೆ ಮಾತು.

ದೋಣಿಯ ಹೆಸರೇ ನ್ಯಾರೋಬೋಟ್. ಅಗಲ 7 ಅಡಿಗೂ ಎರಡು ಇಂಚು ಕಮ್ಮಿ, ಉದ್ದ ಮಾತ್ರ 70 ಅಡಿವರೆಗೂ ಇರುತ್ತದೆ. ಒಳಗೆ ಒಲೆ, ಮಂಚ, ಬಚ್ಚಲು ಎಲ್ಲ ರೈಲು ಬೋಗಿಯ ಹಾಗೆ ಸಾಲಾಗಿ. ವೇಗ ಗಂಟೆಗೆ 4 ಮೈಲಿ ಮೀರುವ ಹಾಗಿಲ್ಲ. ನಾಯಿ ಹಿಡಿದು ವಾಕಿಂಗ್ ಹೊರಟವರೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ನಾನು ಮಂಡ್ಯ ಕಡೆಯವನು, ನಾಲೆ, ತೂಬು, ನೀರಗಂಟಿ ನೋಡಿಕೊಂಡೇ ಬೆಳೆದವನು. ಆದರೆ ನಮ್ಮ ನಾಲೆ ಗದ್ದೆಗೆ ನೀರು ಒಯ್ಯುತ್ತದೆ, ಅವರು ತೋಡಿದ್ದು ಸರಕು ಸಾಗಿಸಲು. ನಾವು ಹೋದ ವೂಸ್ಟರ್–ಬರ್ಮಿಂಗ್‌ಹ್ಯಾಮ್ ನಾಲೆ ಮುಗಿದದ್ದು 1815ರಲ್ಲಿ. ಅದರಲ್ಲಿ ಟಾರ್ಡೆಬಿಗ್ ಅನ್ನುವ ಕಡೆ ಒಂದರ ಹಿಂದೊಂದು 30 ಲಾಕ್‌ಗಳಿವೆ, ಅಂದರೆ ದೋಣಿಯನ್ನು ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ತೊಟ್ಟಿಗಳು, ಎರಡೂಕಾಲು ಮೈಲಿಯೊಳಗೆ ದೋಣಿ 220 ಅಡಿ ಮೇಲೇರಬೇಕು. ಹೇಗೆ ಅಂತೀರಾ? ಇಟ್ಟಿಗೆ ಕಟ್ಟಿದ ಉದ್ದನೆಯ ತೊಟ್ಟಿಯೊಳಗೆ ದೋಣಿ ನುಗ್ಗಿಸಿ, ಹಿಂದಿನ ಬಾಗಿಲು ಮುಚ್ಚಿ, ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಮೇಲಿನ ತೂಬು ಎತ್ತಿದರೆ ನೀರು ತುಂಬಿಕೊಂಡು ದೋಣಿ ತಾನಾಗಿ ಮೇಲೆ ಬರುತ್ತದೆ. ಎರಡೂ ಕಡೆ ನೀರು ಸಮ ಆಗುವವರೆಗೆ ಬಾಗಿಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸಮ ಆದ ಮೇಲೆ ಬಾಗಿಲಿಗೆ ಜೋಡಿಸಿದ ಮರದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ ನೂಕಬೇಕು. ಸರಿಯಿತು ಅನ್ನುವಷ್ಟರಲ್ಲಿ ಮುಂದಿನ ಲಾಕ್ ಎದುರಿಗೇ ಇರುತ್ತದೆ. ಒಂದೊಂದು ಸಲಕ್ಕೂ ಸುಮಾರು 1 ಲಕ್ಷ ಲೀಟರ್ ನೀರು ಕೆಳಗಿಳಿಯುತ್ತದೆ ಅಂತ ಲೆಕ್ಕ ಹಾಕಿದಾಗ, ಬೇಸಿಗೆ ಬೆಳೆಗೆ ನೀರಿಲ್ಲದೆ ಒದ್ದಾಡುವ ನಮ್ಮೂರಿನವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಹತ್ತುವಾಗ ಏನೂ ಆಗಲಿಲ್ಲ. ಎಡವಟ್ಟಾದದ್ದು ಇಳಿಯುವಾಗ. ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ದಪ್ಪ ಹೊಸ್ತಿಲು ಇರುತ್ತದೆ, ಸಿಲ್ ಅನ್ನುತ್ತಾರೆ. ಎಲ್ಲಿವರೆಗೆ ಇದೆ ಅಂತ ದಡದ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ, ದೋಣಿಯ ಬಾಲ ಆ ಗೆರೆಯಿಂದ ಮುಂದೆಯೇ ಇರಬೇಕು. ನಾನು ಹಿಂದೆ ಚುಕ್ಕಾಣಿ ಹತ್ತಿರ ನಿಂತು ಸುಮ್ನೆ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದೆ. ನೀರು ಇಳಿಯಿತು, ಬಾಲ ಹೊಸ್ತಿಲ ಮೇಲೆ ಕೂತುಬಿಟ್ಟಿತು, ಮೂತಿ ಕೆಳಕ್ಕೆ ವಾಲಿತು. ಒಳಗೆ ಡಬ್ಬಿ, ತಟ್ಟೆ ಎಲ್ಲ ದಬದಬ ಉರುಳಿದವು, ನನ್ನ ಹೆಂಡತಿ ಕಿರುಚಿದಳು. ಅಲ್ಲಿ ಸಂಬಳವಿಲ್ಲದೆ ಲಾಕ್ ನೋಡಿಕೊಳ್ಳಲು ಬರುವವರಿದ್ದಾರೆ, ಅವರೂರಿನ ನೀರಗಂಟಿ ಅನ್ನಿ. ಅಂಥ ಅಜ್ಜ ಒಬ್ಬರು ಕೂಗಿಕೊಂಡು ಓಡಿ ಬಂದು, ಮಗನ ಕೈಲಿ ಕೆಳಗಿನ ತೂಬು ಮುಚ್ಚಿಸಿ, ಮೇಲಿನದನ್ನು ತಾವೇ ಎತ್ತಿದರು. ನೀರು ಮತ್ತೆ ತುಂಬಿ ದೋಣಿ ತೇಲಿತು. ಇನ್ನೊಂದು ನಿಮಿಷ ತಡವಾಗಿದ್ದರೆ ಮೂತಿಯಿಂದ ನೀರು ಒಳನುಗ್ಗುತ್ತಿತ್ತು.

ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ. ಆದರೆ ಬಾಡಿಗೆಗೆ ಕೊಟ್ಟವರು ಹೇಳಿಕೊಟ್ಟದ್ದು ಇಪ್ಪತ್ತೇ ನಿಮಿಷ, ಅದರಲ್ಲಿ ಅರ್ಧ ಟಾಯ್ಲೆಟ್ ಟ್ಯಾಂಕಿನ ಬಗ್ಗೆ. ರಜೆಗೆ ಬಾಡಿಗೆ ದೋಣಿ ಓಡಿಸಲು ಅಲ್ಲಿ ಲೈಸೆನ್ಸೂ ಬೇಡ. ಮಕ್ಕಳ ಮನೆಗೆ ಅಂತ ಹೋಗಿ ಬೇಜಾರು ಮಾಡಿಕೊಂಡು ಕೂರುವ ನನ್ನಂಥವರು ಈಗ ಜಾಸ್ತಿ ಅಲ್ವಾ, ಅವರೂ ಹೋಗಲಿ, ಖಂಡಿತ ಹೋಗಲಿ. ನೀವು ಇನ್ನೊಮ್ಮೆ ಆ ಫೋಟೊ ಹಾಕಿದಾಗ ಬಿಳಿ ಗೆರೆಯ ವಿಷಯ ಎರಡು ಸಾಲು ಸೇರಿಸಿ. ಜೊತೆಗೆ ಮೂವ್ ಡಬ್ಬಿ ಒಂದು ಇಟ್ಟುಕೊಳ್ಳಿ ಅಂತಲೂ.

– ಒಬ್ಬ ಓದುಗ, ಮಂಡ್ಯ