ಶಾಲೆಯ ಮಾಡು ಬಿದ್ದಿದೆ, ಕ್ರಿಸ್‌ಮಸ್ ರಜೆ ಹತ್ತಿರ ಬಂದಿದೆ

ಬಂಧುಗಳೇ, ನಮಸ್ಕಾರ.

ಮುಂಬಯಿಯ ನಮ್ಮ ರಾತ್ರಿ ಶಾಲೆಯ ಮಾಳಿಗೆ ಮೇಲಿನ ಹಾಲ್ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಎಷ್ಟೋ ಮಂದಿ ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿ ಬಂದು ಕೂತು ಕಲಿತವರು. ತೂಕಡಿಸಿದಾಗ ಮಾಸ್ತರರ ಸೀಮೆಸುಣ್ಣದ ತುಂಡು ಹಣೆಗೆ ತಾಗಿಸಿಕೊಂಡವರೂ ಇದ್ದೀರಿ. ಆ ಹಾಲಿನ ಮಾಡು ಈ ಅಕ್ಟೋಬರಿನಲ್ಲಿ ಕೈಕೊಟ್ಟಿತು. ಮಳೆಗಾಲ ಮುಗೀತು ಅಂದುಕೊಂಡು ತಾಡಪತ್ರಿ ತೆಗೆಸಿದ್ದೆವು. ತಪ್ಪು ನಮ್ಮದೇ. ಮೂರನೇ ದಿನ ಸಂಜೆ ಗುಡುಗಿನ ಜೊತೆ ಮಳೆ ಬಂತು. ಬೆಳಗ್ಗೆ ಬೀಗ ತೆಗೆದು ನೋಡಿದರೆ ಮಾಡಿನ ಎರಡು ಪತ್ರಾ ಶೀಟು ಒಡೆದು ಕೆಳಗೆ ಬಿದ್ದಿವೆ. ಡಿಸೆಂಬರಿಗೆ ಅಂತ ಕೂಡಿಟ್ಟ ಚಾದರಗಳೆಲ್ಲ ಒದ್ದೆ ಮುದ್ದೆ. ಅಕ್ಕಿ ಮೂಟೆಯಿಂದ ಹುಳಿ ವಾಸನೆ. ಇಂಜಿನಿಯರ್ ಬಂದು ಕಬ್ಬಿಣದ ಆಂಗಲನ್ನು ಬೆರಳಿನಿಂದ ಒತ್ತಿದರು. ತುಕ್ಕು ಹಪ್ಪಳದ ಹಾಗೆ ಕಳಚಿ ಬಂತು. "ಇದರ ಕೆಳಗೆ ಮಕ್ಕಳನ್ನು ಕೂರಿಸಲೇಬೇಡಿ" ಅಂದರು.

ಹಾಗಂತ ಈ ಮಾಡನ್ನು ಬೈಯಲು ಮನಸ್ಸು ಬರುವುದಿಲ್ಲ. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ, ನೂರಕ್ಕೂ ಹೆಚ್ಚು ಜನ ಇದರ ಕೆಳಗೇ ರಾತ್ರಿ ಕಳೆದರು. ರೈಲು ನಿಂತು ನಡೆದು ಬಂದವರು, ಗುರುತು ಪರಿಚಯ ಇಲ್ಲದವರು. ಆವತ್ತು ಒಂದು ಹನಿ ಒಳಗೆ ಬಿದ್ದಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ತಲೆ ಮೇಲೆ ಇಡ್ಲಿ ಪಾತ್ರೆ ಹೊತ್ತು ತಂದ ನಮ್ಮ ಹೋಟೆಲಿನ ಹುಡುಗರನ್ನು ಇಂದಿಗೂ ನೆನೆಯುತ್ತೇವೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಲಾರದೆ ಉಳಿದ ಕೂಲಿಯವರಿಗೆ ರೇಷನ್ ಕಟ್ಟಿದ್ದೂ ಇದೇ ಹಾಲಿನಲ್ಲಿ. ಇದನ್ನೆಲ್ಲ ಮತ್ತೆ ಮತ್ತೆ ಹೇಳುತ್ತೇವೆ ಅಂತ ಕಿರಿಯರು ನಗುತ್ತಾರೆ. ನಗಲಿ ಬಿಡಿ.

ಈಗ ಹೋಟೆಲಿನ ಹುಡುಗರು ಕಡಿಮೆ. ಬರುವವರೆಲ್ಲ ವಿಜಯಪುರ, ಕಲಬುರಗಿ ಕಡೆಯ ಮಕ್ಕಳು. ಅಪ್ಪ ಅಮ್ಮ ಬೆಳಗಾದರೆ ನಾಕಾದಲ್ಲಿ ನಿಂತು ಕೂಲಿಗೆ ಕಾಯುವವರು. ಕೆಲಸ ಸಿಕ್ಕ ದಿನ ಊಟ, ಇಲ್ಲದ ದಿನ ವಡಾಪಾವ್. ಡಿಸೆಂಬರ್ ಬಂತೆಂದರೆ ಈ ಮಕ್ಕಳಲ್ಲಿ ಕೆಲವರು ಸಿಗ್ನಲ್ಲಿನಲ್ಲಿ ಸಾಂತಾ ಕ್ಲಾಸನ ಕೆಂಪು ಟೊಪ್ಪಿ ಮಾರುತ್ತಾರೆ. ಅದಕ್ಕೇ ರಜೆಯಲ್ಲಿ ಅವರನ್ನು ಒಂದೆಡೆ ಸೇರಿಸಿ ಶಿಬಿರ ಮಾಡೋಣ ಅಂತ ಕಳೆದ ವರ್ಷ ಹೊರಟೆವು. "ಸಾಂತಾ ನಮಗೇನ್ ತರ್ತಾನ್ರೀ?" ಅಂತ ಮೊದಲ ದಿನವೇ ಕೇಳಿದರು. ಟೀಚರ್ ಆಗ ಸಂತ ನಿಕೊಲಸ್ ಕತೆ ತೆಗೆದರು. ಸಾಂತಾ ಹುಟ್ಟಿದ್ದೇ ಅವರಿಂದ ತಾನೇ. 4ನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಮೈರಾ ಊರಿನ ಬಿಷಪ್. ಒಬ್ಬನಿಗೆ ಮೂರು ಹೆಣ್ಣುಮಕ್ಕಳು, ಮದುವೆ ಮಾಡಲು ಕಾಸಿಲ್ಲ. ನಿಕೊಲಸ್ ರಾತ್ರಿ ಹೊತ್ತು ಅವರ ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಹೋದರಂತೆ.

"ಹಗಲೊತ್ತು ಯಾಕ ಕೊಡಲಿಲ್ರೀ?" ಅಂತ ಒಬ್ಬ ಹುಡುಗ.

"ಅವರಪ್ಪಗ ನಾಚಿಕಿ ಆಕ್ಕಿತ್ತಲ್ಲೋ!" ಅಂತ ಪಕ್ಕದಲ್ಲಿದ್ದ ಇಂಡಿ ಕಡೆಯ ಹುಡುಗಿ. ಒಂಬತ್ತು ವರ್ಷ ಅವಳಿಗೆ. ಟೀಚರಿಗೆ ಹೇಳಲು ಏನೂ ಉಳಿಯಲಿಲ್ಲ.

ಮಾರನೇ ದಿನ ಮಕ್ಕಳನ್ನು ಪರೇಲಿಗೆ ಕರೆದುಕೊಂಡು ಹೋದೆವು. ಅಲ್ಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ 1941ರಿಂದ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದಾರೆ. ಕೋಣೆ ಬಾಡಿಗೆ ಕೊಡಲಾಗದವರು ಸುತ್ತಮುತ್ತಲಿನ ಫುಟ್‌ಪಾತಿನಲ್ಲೇ ತಿಂಗಳುಗಟ್ಟಲೆ ಇರುತ್ತಾರೆ. ಮುಂಬಯಿ ಚಳಿ ಅದೇನು ಚಳಿ ಅನ್ನಬೇಡಿ, ಕೀಮೋ ಆದವರು ಬೆಳಗಿನ ಜಾವ ಅಲ್ಲಿ ಮಲಗಿರುವುದನ್ನು ಒಮ್ಮೆ ನೋಡಿ. ನಾವು ದೊಡ್ಡ ಹಂಡೆಯಲ್ಲಿ ಘಮಘಮ ಪುಲಾವ್ ಮಾಡಿಸಿದ್ದೆವು. ನಮ್ಮ ಕಮಿಟಿಗೆ ಅದರ ಮೇಲೆ ಬಹಳ ಅಭಿಮಾನ. ಇಂಡಿಯ ಹುಡುಗಿ ಮಾತ್ರ ಪ್ಯಾಕೆಟ್ ಕೊಟ್ಟು ಮುಂದೆ ಹೋಗಲಿಲ್ಲ. ಒಬ್ಬ ಅಜ್ಜಿಯ ಹತ್ತಿರ ಕೂತೇ ಬಿಟ್ಟಳು. ಅಜ್ಜಿ ಸಿಂದಗಿ ಕಡೆಯವರು, ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ. ಹುಡುಗಿ ಪ್ಯಾಕೆಟ್ ವಾಪಸ್ ತಂದು ನಮ್ಮ ಕೈಗಿಟ್ಟಳು. "ಆಯಿ ಬಾಯಾಗ ಹುಣ್ಣಾಗ್ಯಾವ್ರಿ. ಖಾರ ತಿನ್ನಾಕ ಆಗೂದಿಲ್ಲ."

ಇಷ್ಟು ವರ್ಷ ಅನ್ನದಾನ ಮಾಡಿದ ನಮಗೆ ಯಾರಿಗೂ ಕೇಳಬೇಕು ಅನ್ನಿಸಿರಲಿಲ್ಲ. ಮರುದಿನದಿಂದ ಪುಲಾವ್ ಬಂದ್. ಮೆತ್ತಗಿನ ಗಂಜಿ, ಉಪ್ಪು, ಒಂದು ಚಮಚ ತುಪ್ಪ. ಮಕ್ಕಳು ಮೊದಲು "ಏನ್ ಉಣ್ತೀರಿ?" ಅಂತ ಕೇಳಿ ಬರುತ್ತಿದ್ದರು, ಆಮೇಲೆ ಬಡಿಸುತ್ತಿದ್ದರು. ಫೋಟೊ ತೆಗೆಯಬಾರದು ಅಂತ ಅವರೇ ಕಾನೂನು ಮಾಡಿದರು. ಹಾಗಾಗಿ ಈ ಮನವಿಯ ಜೊತೆ ಫೋಟೊ ಇಲ್ಲ, ಕ್ಷಮಿಸಿ.

ಮಕ್ಕಳೇನು ದೇವರಲ್ಲ. ಕೊನೇ ದಿನ ಬಾಂದ್ರಾದಲ್ಲಿರುವ ನಮ್ಮ ಹಳೇ ವಿದ್ಯಾರ್ಥಿಯೊಬ್ಬರು ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬ ತಂದಿದ್ದರು. ಮೂಲ ಬಜ್ಪೆ ಕಡೆಯವರು, ನೆವ್ರಿ, ಗುಳಿಯೊ, ಕಿಡಿಯೊ ಎಲ್ಲ ಮನೆಯಲ್ಲೇ ಮಾಡಿದ್ದು. ತಲೆಗೆ ಇಷ್ಟಿಷ್ಟು ಅಂತ ಹಂಚುವಾಗ ಒಬ್ಬ ಹುಡುಗ ಸುಮ್ನೆ ಮುಷ್ಟಿ ತುಂಬ ಕಿಡಿಯೊ ಜೇಬಿಗೆ ಇಳಿಸಿದ. ನೋಡಿದರೂ ನೋಡದ ಹಾಗಿದ್ದೆವು. ಅವನ ಮನೆಯಲ್ಲಿ ಆರು ಜನ.

ಇನ್ನು ಕೇಳಬೇಕಾದ್ದನ್ನು ಕೇಳಿಬಿಡುತ್ತೇವೆ. ಕೊಡುವವರ ಸಾಲಿನಲ್ಲಿ ನಿಂತು ರೂಢಿಯಾದ ನಮಗೆ ಕೈ ಚಾಚಲು ಸ್ವಲ್ಪ ಕಷ್ಟ, ಅಲ್ವಾ? ಮಾಡಿಗೆ ಸುಮಾರು ಆರೂವರೆ ಲಕ್ಷ ಬೇಕು. ಕಮಿಟಿಯವರು ಮತ್ತು ಹತ್ತಿರದವರು ಸೇರಿ ನಾಲ್ಕು ಲಕ್ಷದಷ್ಟು ಮಾಡಿಕೊಂಡಿದ್ದೇವೆ. ಶಿಬಿರಕ್ಕೆ, ಗಂಜಿಗೆ, ಹೊಸ ಚಾದರಗಳಿಗೆ ಇನ್ನೊಂದು ಲಕ್ಷದ ಹತ್ತಿರ ಹತ್ತಿರ. ಡಿಸೆಂಬರ್ 5ರೊಳಗೆ ಮುಂಗಡ ಕೈಸೇರಿದರೆ 24ಕ್ಕೆ ಮಾಡು ಮುಗಿಸಿಕೊಡುತ್ತೇನೆ ಅಂತ ಕಾಂಟ್ರಾಕ್ಟರ್ ಮಾತು ಕೊಟ್ಟಿದ್ದಾರೆ. ತಡವಾದರೆ ಈ ವರ್ಷ ಶಿಬಿರವೇ ಇಲ್ಲ. ಈಗಾಗಲೇ ಮಕ್ಕಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದಾರೆ, ಹತ್ತುವವರು ಇಳಿಯುವವರು ಅವರನ್ನು ದಾಟಿಕೊಂಡೇ ಹೋಗಬೇಕು.

ಚೆಕ್ ಆಗಲಿ, ಆನ್‌ಲೈನ್ ಆಗಲಿ, ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿ ಕೊಡುತ್ತೇವೆ. ಪ್ಯಾನ್ ನಂಬರ್ ಮರೆಯದೆ ಬರೆಯಿರಿ. ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಜಾಸ್ತಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಆಮೇಲೆ ನಮ್ಮ ಮೇಲೆ ಸಿಟ್ಟಾಗಬೇಡಿ. ನಮ್ಮ ಹಾಲಿನಲ್ಲಿ ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರಿರುವುದು ನಿಮಗೆ ಗೊತ್ತೇ ಇದೆ. ಈ ಸಲವೂ ಹೆಸರು ಬೇಕೆಂದವರಿಗೆ ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಬೇಡವೆಂದವರು ನಿಕೊಲಸರ ಹಾಗೆ ಕಿಟಕಿಯಿಂದ ಎಸೆದರೂ ಸರಿ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತೇವೆ.

ಹಣ ಕೊಡಲಾಗದವರು ಕುಚ್ಚಲಕ್ಕಿ ಕೊಡಿ, ಚಾದರ ಕೊಡಿ. ಹರಿದದ್ದು ಬೇಡ. ಡಿಸೆಂಬರ್ 25ರಿಂದ 31ರವರೆಗೆ ದಿನಾ ಬೆಳಗ್ಗೆ ಐದಕ್ಕೆ ಗಂಜಿಯ ಹಂಡೆ ಒಲೆ ಏರುತ್ತದೆ. ತಿಕ್ಕಿ ತೊಳೆಯಲೂ ಕೈ ಬೇಕು. ಹೋಟೆಲಿನಲ್ಲಿ ಪಳಗಿದ ಕೈಯಾದರೆ ಇನ್ನೂ ಒಳ್ಳೆಯದು.

ಇಂತು,
ವಿಶ್ವಸ್ತ ಮಂಡಳಿಯ ಪರವಾಗಿ,
ಗೌರವ ಕಾರ್ಯದರ್ಶಿ, ಮುಂಬಯಿ